ಆಕಾಶದ ತಕ್ಕಡಿಯ ಪಾಸಂಗ

ಕರಪತ್ರ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ, ಅದನ್ನು ಓದುವ ಜನ ಏನು ವ್ಯಾಪಾರ ಮಾಡುತ್ತಾರೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಇದು ನಾನು ಪುಕ್ಕಟೆಯಾಗಿ ಕೊಡುವ ಸಲಹೆ. ನಾನು ವಿಚಾರಿಸದೆ ಬರೆದೆ. ಸವದತ್ತಿಯ ಒಂದು ಇಡೀ ಓಣಿ ಮಟಮಟ ಮಧ್ಯಾಹ್ನ ಬಾಗಿಲು ಹಾಕಿಕೊಂಡಿತು, ಒಬ್ಬ ಒಳ್ಳೆಯ ಮನುಷ್ಯನ ನೌಕರಿ ಕೈತಪ್ಪುವುದರಲ್ಲಿತ್ತು.

ಬೈಲಹೊಂಗಲದಲ್ಲಿ ನನ್ನದು ತಕ್ಕಡಿ ಅಂಗಡಿ. ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಅಂಗಡಿಯೂ ಇರಲಿಲ್ಲ. ತೂಕದ ಕಲ್ಲುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗುತ್ತಿದ್ದೆ. ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ ಕಂಡಕ್ಟರುಗಳು ಒಬ್ಬಿಬ್ಬರಲ್ಲ. ತಕ್ಕಡಿಯ ಅಡ್ಡಕೋಲು, ಅಂದರೆ ದಂಡಿಗೆ, ಸರಿಪಡಿಸುವುದು, ತಟ್ಟೆಗೆ ಸರಪಳಿ ಹಾಕುವುದು, ವರ್ಷಕ್ಕೊಮ್ಮೆ ತೂಕದ ಇನ್ಸ್‌ಪೆಕ್ಟರು ಬಂದಾಗ ಅವರ ಹಿಂದೆ ನಿಂತು ಕಲ್ಲುಗಳಿಗೆ ಮುದ್ರೆ ಹಾಕಿಸಿಕೊಡುವುದು ನನ್ನ ಕೆಲಸ. ಹೀಗಾಗಿ ನಾಲ್ಕೂ ಊರಿನ ವ್ಯಾಪಾರಿಗಳಿಗೆ ನನ್ನ ಮುಖ ಗೊತ್ತು. ಆ ಮುಖದ ಪಕ್ಕದಲ್ಲಿ ಪ್ಯಾಂಟು ಹಾಕಿಕೊಂಡ ಅಪರಿಚಿತ ಇದ್ದರೆ ಅವನು ಯಾರೆಂಬುದೂ ಗೊತ್ತು. ಈ ಕೊನೆಯ ಮಾತು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಗಳಾಗಿದ್ದವು. ನನ್ನ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಊರಿನ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರು ಬಾಡಿಗೆಗಿದ್ದರು. ತುಮಕೂರಿನ ಕಡೆಯವರು. ಏಳು ವರ್ಷದಿಂದ ಹಂಗಾಮಿ. ಪ್ರತಿ ಜೂನ್ ತಿಂಗಳಲ್ಲಿ ಅವರನ್ನು ತೆಗೆದು, ಮತ್ತೆ ಪ್ರತಿ ಜುಲೈನಲ್ಲಿ ಸೇರಿಸಿಕೊಳ್ಳುತ್ತಿದ್ದರು. ಮಧ್ಯದ ಆ ಹದಿನೈದಿಪ್ಪತ್ತು ದಿನ ಅವರು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಬ್ರಹ್ಮಾಂಡದ ವಿಷಯ ಹೇಳುತ್ತಿದ್ದರು.

ಒಂದು ದಿನ ಹೇಳಿದರು, “ಸಾಹುಕಾರರೇ, ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳಿವೆ, ಗೆಲಾಕ್ಸಿ ಅಂತ. ಅವುಗಳ ಅಂಚಿನಲ್ಲಿರುವ ನಕ್ಷತ್ರಗಳು ಎಷ್ಟು ಜೋರಾಗಿ ಸುತ್ತುತ್ತವೆ ಎಂದರೆ, ಕಣ್ಣಿಗೆ ಕಾಣುವ ತೂಕ ಅವನ್ನು ಹಿಡಿದಿಡಲು ಸಾಲದು. ಎಂದೋ ಚದುರಿ ಹೋಗಬೇಕಿತ್ತು. ಹೋಗಿಲ್ಲ.”

“ಅಂದ್ರ ಕಾಣಲಾರದ್ದು ಏನೋ ಒಂದು ಕುಂತೈತಿ.”

“ಹಾಗೆ ಅನ್ನುವವರೇ ಹೆಚ್ಚು. ಆದರೆ ಕೆಲವರು ಇನ್ನೊಂದು ಮಾತು ಹೇಳುತ್ತಾರೆ. ಕಾಣದ ವಸ್ತು ಯಾವುದೂ ಇಲ್ಲ, ನಮ್ಮ ಗುರುತ್ವಾಕರ್ಷಣೆಯ ನಿಯಮವೇ ಅಷ್ಟು ದೂರದಲ್ಲಿ ಸರಿಯಾಗಿ ನಡೆಯುವುದಿಲ್ಲ ಅಂತ.”

ನಾನು ಕಬ್ಬಿಣ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟೆ. ಏಕೆಂದರೆ ಇದು ನನ್ನ ಕಸುಬು. ತಕ್ಕಡಿ ಸಮ ನಿಲ್ಲದಿದ್ದರೆ ಎರಡೇ ಕಾರಣ: ಒಂದೋ ತಟ್ಟೆಯ ಅಡಿಯಲ್ಲಿ ಏನೋ ಅಂಟಿಕೊಂಡಿದೆ, ಇಲ್ಲವೇ ದಂಡಿಗೆಯೇ ಸೊಟ್ಟ. ಸೊಟ್ಟ ದಂಡಿಗೆಯನ್ನು ಸಮ ನಿಲ್ಲಿಸಲು ಹಗುರಾದ ಕಡೆ ಒಂದು ಸಣ್ಣ ತಗಡೋ ಕಲ್ಲೋ ಕಟ್ಟುತ್ತಾರೆ. ಅದಕ್ಕೆ ನಾವು ಪಾಸಂಗ ಎನ್ನುತ್ತೇವೆ. ಪಾಸಂಗ ಕಟ್ಟಿದ ತಕ್ಕಡಿ ಖಾಲಿ ಇದ್ದಾಗ ದೇವರಂತೆ ನಿಂತಿರುತ್ತದೆ. ಸುಳ್ಳು ಹೇಳುವುದು ಸಾಮಾನು ಹಾಕಿದ ಮೇಲೆ.

“ಸರ, ನಿಮ್ಮ ದೊಡ್ಡ ಮಂದಿ ಆಕಾಶಕ್ಕ ಪಾಸಂಗ ಕಟ್ಯಾರ,” ಎಂದೆ.

ಅವರು ಎದ್ದು ನಿಂತುಬಿಟ್ಟರು. ಆ ಪದವನ್ನು ಮೂರು ಸಲ ಹೇಳಿಕೊಂಡು, ಮೇಲೆ ಹೋಗಿ ಬರೆದಿಟ್ಟುಕೊಂಡರು. ಅವತ್ತಿನಿಂದ ನಾನು ಅವರಿಗೆ ಸಲಹೆಗಾರನಾದೆ. ಕೇಳಿದ್ದಕ್ಕೂ ಕೊಟ್ಟೆ, ಕೇಳದ್ದಕ್ಕೂ ಕೊಟ್ಟೆ.

ಅದೇ ವರ್ಷ ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆ ಬಂತು. ಆಡಳಿತ ಮಂಡಳಿಯ ಚೇರಮನ್ನರು ಅರಳೆ ಗಿರಣಿಯ ಮಾಲೀಕರು. ಹತ್ತಿಯಾಗಲಿ ಮತ್ತೊಂದಾಗಲಿ, ಯಾವುದನ್ನೂ ಮುಟ್ಟಿ ನೋಡದೆ ನಂಬುವವರಲ್ಲ. ಸರ್ ಜೊತೆ ನಾನೂ ಹೋಗಿದ್ದೆ.

“ಮಾಸ್ತರ, ನಿಮ್ಮ ವಿಷಯ ಏನಂತ ನಾ ನಾಕ ಮಂದೀನ್ನ ಕೇಳಿದೆ. ನಾಕೂ ಮಂದಿ ತಿಳಿಯೂದಿಲ್ಲ ಅಂದ್ರು. ಯಾರಿಗೂ ತಿಳೀಲಾರದ್ದಕ್ಕ ಕಾಯಂ ಪಗಾರ ಹೆಂಗ ಕೊಡ್ಲಿ? ಒಂದ ಕೆಲಸ ಮಾಡ್ರಿ. ಕಿತ್ತೂರು, ಸವದತ್ತಿ, ರಾಮದುರ್ಗ, ಮೂರೂ ಕಡೆ ಒಂದೊಂದು ಭಾಷಣ ಮಾಡ್ರಿ. ಕೇಳಿದ ಮಂದಿ ‘ತಿಳಿಯಿತು’ ಅಂತ ಬರದು ಸಹಿ ಮಾಡ್ಲಿ. ಒಟ್ಟ ಮೂವತ್ತು ಸಹಿ ತರ್ರಿ, ಆರ್ಡರ್ ಒಯ್ಯಿರಿ.”

ಹೊರಗೆ ಬಂದ ಮೇಲೆ ಸರ್ ಕೇಳಿದರು, “ತಿಳಿದಿದೆ ಎಂಬುದಕ್ಕೆ ಸಹಿ ಹೇಗೆ ಸಾಕ್ಷಿಯಾಗುತ್ತದೆ?”

“ಸರ, ಅದನ್ನ ಕಾಯಂ ಆದಮ್ಯಾಲೆ ಕೇಳ್ರಿ,” ಎಂದೆ.

ಒಂದು ದಪ್ಪ ರಿಜಿಸ್ಟರು ತಂದೆವು. ಕರಪತ್ರದ ಜವಾಬ್ದಾರಿ ನಾನು ವಹಿಸಿಕೊಂಡೆ. ಸರ್ ಬರೆದುಕೊಟ್ಟದ್ದು ಇದು: ‘ವಿಶ್ವವೀಕ್ಷಣೆಯ ಮೂಲಕ ಗುರುತ್ವಾಕರ್ಷಣೆಯ ಸಿದ್ಧಾಂತಗಳ ಪರೀಕ್ಷೆ.’ ನಮ್ಮ ಓಣಿಯ ಪ್ರೆಸ್ಸಿನ ಚಾಚಾ ಅದನ್ನು ದೂರ ಹಿಡಿದು ನೋಡಿ ತಲೆಯಲ್ಲಾಡಿಸಿದರು. ಅವರದು ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುವ ಹಳೆಯ ಮಿಷನ್ನು.

“ಭಾಯಿ, ಈ ತ್ವಾ, ರ್ಷ, ದ್ಧಾ ಎಲ್ಲಾ ಸವದ ಹೋಗ್ಯಾವು. ಇಷ್ಟು ಒತ್ತಕ್ಷರ ನನ್ನ ಕಡೆ ಇಲ್ಲ. ಸಾದಾ ಏನರ ಬರೀರಿ.”

ಸಾದಾ ಬರೆಯುವುದರಲ್ಲಿ ನಾನು ಗಟ್ಟಿಗ. ಅಲ್ಲೇ ನಿಂತು ಬರೆದೆ: ‘ಆಕಾಶದ ತಕ್ಕಡಿಯಲ್ಲಿ ಪಾಸಂಗ ಇದೆಯೇ? ತೂಕದ ಪರೀಕ್ಷೆ. ತಪ್ಪದೆ ಹಾಜರಿರಿ.’ ಚಾಚಾ ‘ತೂಕದ ಪರೀಕ್ಷೆ’ ಎಂಬುದನ್ನು ಅವರ ಹತ್ತಿರವಿದ್ದ ಅತಿ ದೊಡ್ಡ ಮೊಳೆಗಳಲ್ಲಿ ಜೋಡಿಸಿದರು. ಜಾಗ ಸಾಲಲಿಲ್ಲವೆಂದು ‘ಆಕಾಶದ’ ಎಂಬ ಮೊದಲ ಪದವನ್ನು ತೆಗೆದುಬಿಟ್ಟರು. ನಾನು ಬಂಡಲನ್ನು ಬಿಚ್ಚಿ ನೋಡಲಿಲ್ಲ. ಅಚ್ಚಾದದ್ದನ್ನು ಬಿಚ್ಚಿ ನೋಡಿ. ಇದು ಎರಡನೆಯ ಸಲಹೆ.

ಕಿತ್ತೂರಿನಲ್ಲಿ ಕರಪತ್ರ ಹಂಚುವ ಅಗತ್ಯವೇ ಬೀಳಲಿಲ್ಲ. ಭಾಷಣಕ್ಕೆ ನಾನು ಬಸ್ ನಿಲ್ದಾಣದ ಪಕ್ಕದ ಒಂದು ಪಡಸಾಲೆಯನ್ನು ಹಿಡಿದಿದ್ದೆ. ಜನ ಅಲ್ಲಿ ಹೇಗೂ ಕಾಯುತ್ತಿರುತ್ತಾರೆ, ಕೇಳುವ ಕಿವಿ ತಾನಾಗಿ ಸಿಗುತ್ತದೆ ಎಂಬ ಲೆಕ್ಕಾಚಾರ. ಧಾರವಾಡದ ಬಸ್ಸಿಗೆ ಕಾಯುತ್ತಿದ್ದ ಹನ್ನೊಂದು ಜನ ಸಿಕ್ಕರು. ಅವರಲ್ಲಿ ತಲೆಗೆ ಪಟಕಾ ಸುತ್ತಿದ ಒಬ್ಬ ಹಿರಿಯರು ಹೇಳಿದರು, “ಮೊದಲ ಸಹಿ ಮಾಡಿಬಿಡತೇವಿ ತಮ್ಮಾ, ತಿಳಕೊಳ್ಳೂದು ಆಮ್ಯಾಲೆ. ಬಸ್ಸು ಯಾವಾಗ ಬರತೈತೊ ಏನೊ.”

ನನಗೆ ಅದು ನ್ಯಾಯವೆನಿಸಿತು. ಹನ್ನೊಂದೂ ಸಹಿ ಬಿದ್ದವು. ಸರ್ ಪೀಠಿಕೆ ಮುಗಿಸಿ, “ಈ ವಿಶ್ವ ಹಿಗ್ಗುತ್ತಿದೆ, ಗೆಲಾಕ್ಸಿಗಳು ಒಂದರಿಂದ ಒಂದು ದೂರ ಹೋಗುತ್ತಿವೆ,” ಎನ್ನುವಷ್ಟರಲ್ಲಿ ಬಸ್ಸು ಬಂತು. ಹನ್ನೊಂದು ಜನವೂ ದೂರ ಹೋದರು. ಸರ್ ಖಾಲಿ ಪಡಸಾಲೆಗೆ ಉಳಿದರ್ಧ ಹೇಳಿ ಮುಗಿಸಿದರು. ಅರ್ಧಕ್ಕೆ ಬಿಡುವುದು ಅವರ ಸ್ವಭಾವವಲ್ಲ. ನಾನೊಬ್ಬ ಚಪ್ಪಾಳೆ ತಟ್ಟಿದೆ.

ಸವದತ್ತಿಗೆ ಮಾತ್ರ ಎರಡು ದಿನ ಮೊದಲೇ ಕರಪತ್ರ ಕಳಿಸಿದ್ದೆ. ಶುಕ್ರವಾರ ಮಧ್ಯಾಹ್ನ ಇಬ್ಬರೂ ಬಸ್ಸಿಳಿದು ಕಿರಾಣಿ ಅಂಗಡಿಗಳ ಓಣಿಗೆ ಕಾಲಿಟ್ಟೆವು. ಓಣಿಯ ಆ ತುದಿಯಿಂದ ಈ ತುದಿಗೆ ಶಟರುಗಳು ಧಡಧಡ ಇಳಿಯತೊಡಗಿದವು. ಹಲಗೆಯ ಬಾಗಿಲಿನ ಹಳೆಯ ಅಂಗಡಿಯವರು ನಂಬರು ಬರೆದ ಹಲಗೆಗಳನ್ನು ಅವಸರದಲ್ಲಿ ಹಿಂದುಮುಂದಾಗಿ ಹಾಕಿಕೊಂಡು, ಸಂದಿಯಿಂದ ನೋಡುತ್ತಿದ್ದರು. ಒಬ್ಬ ಬೇಳೆ ವ್ಯಾಪಾರಿ ತಕ್ಕಡಿಯನ್ನೇ ಹೆಗಲಿಗೆ ಹಾಕಿಕೊಂಡು ಮನೋಳಿಯ ಟೆಂಪೋ ಹತ್ತಿದ. ಚಹಾದ ಅಂಗಡಿ ಒಂದೇ ತೆರೆದಿತ್ತು. ಚಹಾ ತೂಗಿ ಕೊಡುವುದಿಲ್ಲವಲ್ಲ.

“ಇವತ್ತು ಇಲ್ಲಿ ಯಾರಾದರೂ ಹಿರಿಯರು ತೀರಿಕೊಂಡಿದ್ದಾರೆಯೇ?” ಎಂದು ಸರ್ ಮೆಲ್ಲಗೆ ಕೇಳಿದರು.

ನಾನು ಗೋಡೆಯ ಮೇಲಿನ ಕರಪತ್ರವನ್ನು ಆಗ ಓದಿದೆ. ‘ತಕ್ಕಡಿಯಲ್ಲಿ ಪಾಸಂಗ ಇದೆಯೇ? ತೂಕದ ಪರೀಕ್ಷೆ. ತಪ್ಪದೆ ಹಾಜರಿರಿ.’ ‘ಆಕಾಶದ’ ಎಂಬುದೇ ಇರಲಿಲ್ಲ. ಆದರೆ ಸರ್‌ಗೆ ಏನೂ ಹೇಳಲಿಲ್ಲ. ಮೂವತ್ತರಲ್ಲಿ ಹನ್ನೊಂದು ಮಾತ್ರ ಬಂದಿದ್ದವು.

ಚಹಾದ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಬೆಲ್ಲದ ವ್ಯಾಪಾರಿ ಹಿಂದಿನ ಬಾಗಿಲಿನಿಂದ ಬಂದರು. ನನಗೆ ಹಳೆಯ ಗಿರಾಕಿ. ಸರ್‌ಗೆ ಬಗ್ಗಿ ನಮಸ್ಕಾರ ಮಾಡಿ ಎದುರಿಗೆ ಕೂತರು.

“ಸಾಹೇಬ್ರು ಇಲ್ಲೆ ಹತ್ತರದ್ದೆಲ್ಲಾ ನೋಡತೀರೇನ್ರಿ?”

“ಇಲ್ಲ, ಹತ್ತಿರದ್ದನ್ನು ನೋಡುವುದಿಲ್ಲ. ಹತ್ತಿರದಲ್ಲಿ ನಿಯಮ ಸರಿಯಾಗಿಯೇ ನಡೆಯುತ್ತದೆ. ನಮ್ಮ ಸಂಶಯ ಇರುವುದು ದೂರದವುಗಳ ಮೇಲೆ,” ಎಂದರು ಸರ್, ಕೇಳುವವರೊಬ್ಬರು ಸಿಕ್ಕ ಖುಷಿಯಲ್ಲಿ.

“ದೂರದ್ದು ಅಂದ್ರ, ಯರಗಟ್ಟಿ ಕಡೇದೇನ್ರಿ?”

“ಇನ್ನೂ ದೂರ. ಎಷ್ಟು ದೂರವೆಂದರೆ, ಇವತ್ತು ನಾವು ನೋಡುವುದು ಕೋಟಿ ಕೋಟಿ ವರ್ಷದ ಹಿಂದಿನದನ್ನು.”

ಬೆಲ್ಲದವರ ಮುಖ ಬಿಳಿಚಿತು. “ಹಿಂದಿಂದೂ ತೆಗೀತೀರೇನ್ರಿ ಸಾಹೇಬ್ರ? ನಮ್ಮಪ್ಪನ ಕಾಲದಾಗ ಏನ ನಡದೈತೊ ನನಗ ಖರೇ ಗೊತ್ತಿಲ್ರಿ.”

“ನಿಮಗೆ ಮಾತ್ರವಲ್ಲ, ಯಾರಿಗೂ ಗೊತ್ತಿಲ್ಲ. ಆದರೆ ಹೆಚ್ಚಿನವರ ಅನುಮಾನ ಒಂದೇ. ಕಣ್ಣಿಗೆ ಕಾಣದಂತೆ ಏನೋ ಇದೆ, ಅದರಿಂದಲೇ ತೂಕ ಹೆಚ್ಚು ಬರುತ್ತಿದೆ.”

ಬೆಲ್ಲದವರು ನನ್ನನ್ನು ಒಮ್ಮೆ, ಸರ್ ಅವರನ್ನು ಒಮ್ಮೆ ನೋಡಿದರು. ಆಮೇಲೆ ಅಂಗಿಯ ಕಿಸೆಯಿಂದ ನಿಂಬೆಹಣ್ಣಿನಷ್ಟು ಹುಣಸೆಹಣ್ಣಿನ ಉಂಡೆಯನ್ನು ತೆಗೆದು ಮೇಜಿನ ಮೇಲಿಟ್ಟರು. “ತಟ್ಟಿ ಬುಡಕ ಹಚ್ಚಿದ್ದೆ. ಇಷ್ಟ ನೋಡ್ರಿ. ಲಿಂಗದಾಣಿ ಬ್ಯಾರೆ ಏನೂ ಇಲ್ಲ.”

ಸರ್ ಅದನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು. ಇದು ಊರಿನ ಸತ್ಕಾರದ ರೀತಿ ಎಂದುಕೊಂಡು, “ತುಂಬ ಉಪಕಾರ,” ಎಂದರು.

ಹತ್ತು ನಿಮಿಷದಲ್ಲಿ ಸುದ್ದಿ ಓಣಿಯ ಹಿಂಬಾಗಿಲುಗಳಲ್ಲೆಲ್ಲ ಹರಡಿತು: ಸಾಹೇಬರು ಸಿಟ್ಟಿನವರಲ್ಲ, ತಾವಾಗಿ ತಂದಿಟ್ಟರೆ ಉಪಕಾರ ಎನ್ನುತ್ತಾರೆ. ಒಬ್ಬೊಬ್ಬರೇ ಬಂದರು. ಕಬ್ಬಿಣದ ನಟ್ಟು, ಅರಗು, ಅಯಸ್ಕಾಂತದ ಚೂರು, ಇನ್ನೂ ಮೂರು ಹುಣಸೆ ಉಂಡೆ, ಒಬ್ಬರು ಹೊಟ್ಟೆ ಕೊರೆದ ಅರ್ಧ ಕಿಲೋದ ಕಲ್ಲು. ಮೇಜು ತುಂಬಿತು. ಬ್ರಹ್ಮಾಂಡದ ಕಾಣದ ವಸ್ತುವಿಗಾಗಿ ದೊಡ್ಡ ದೊಡ್ಡ ದೇಶಗಳಲ್ಲಿ ಹುಡುಕಾಟ ನಡೆದಿದೆ ಎಂದು ಸರ್ ಹೇಳುತ್ತಲೇ ಇದ್ದರು. ಸವದತ್ತಿಯ ಪಾಲಿನದು ಚಹಾದ ಕಪ್ಪುಗಳ ನಡುವೆ ಗುಡ್ಡೆ ಬಿದ್ದಿತ್ತು. ನಾನು ರಿಜಿಸ್ಟರು ಮುಂದಿಟ್ಟೆ. ಹದಿನೆಂಟು ಜನ ‘ತಿಳಿಯಿತು’ ಎಂದು ಬರೆದು, ಸಹಿ ಮಾಡಿ, ಮೇಲೆ ಅಂಗಡಿಯ ಮುದ್ರೆಯನ್ನೂ ಒತ್ತಿದರು. ಒಬ್ಬರು ‘ಸ್ಪಷ್ಟವಾಗಿ ತಿಳಿಯಿತು, ಇನ್ನು ಮುಂದೆ ಆಗುವುದಿಲ್ಲ’ ಎಂದು ಬರೆದರು.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಆ ಸಾಲನ್ನು ಓದಿದರು. ಮತ್ತೆ ಓದಿದರು. ನನ್ನ ಕಡೆ ತಿರುಗಿದರು. ನಾನು ಕಿಟಕಿಯಿಂದ ಜೋಳದ ಹೊಲ ನೋಡುತ್ತಿದ್ದೆ.

“ಸಾಹುಕಾರರೇ, ನಾನು ಯಾರೆಂದು ತಿಳಿದು ಇವರು ಸಹಿ ಮಾಡಿದ್ದಾರೆ?”

ತೂಕದ ಇನ್ಸ್‌ಪೆಕ್ಟರು ಎಂದು, ಎಂದು ಹೇಳಲೇಬೇಕಾಯಿತು. ಹೇಳಿದ ಮೇಲೆ ನನ್ನ ವಾದವನ್ನೂ ಮಂಡಿಸಿದೆ. ಸಹಿ ಸಹಿಯೇ. ಚೇರಮನ್ನರು ಹೇಗೆ ತಿಳಿಯಿತು ಎಂದು ಬರೆಸಿ ಎಂದಿಲ್ಲ. ಕಿತ್ತೂರಿನದು ಹನ್ನೊಂದು, ಇದು ಹದಿನೆಂಟು, ಇಪ್ಪತ್ತೊಂಬತ್ತಾಯಿತು. ರಾಮದುರ್ಗಕ್ಕೆ ಹೋಗಿ ಒಬ್ಬನ ಸಹಿ ಹಾಕಿಸಿಕೊಂಡರೆ ನೀವು ಕಾಯಂ.

ಸರ್ ಪೆನ್ನು ತೆಗೆದರು. ಬಸ್ಸು ಕುಲುಕುತ್ತಿತ್ತು, ಆದರೂ ಒಂದೊಂದಾಗಿ ಹದಿನೆಂಟಕ್ಕೂ ಅಡ್ಡಗೆರೆ ಎಳೆದರು. ಮುದ್ರೆಗಳ ಮೇಲೂ ಎಳೆದರು. ಕಿತ್ತೂರಿನವರು ಪೀಠಿಕೆಯನ್ನಾದರೂ ಕೇಳಿದ್ದರು, ಹೆದರಿಯೂ ಇರಲಿಲ್ಲ ಎಂದು ಆ ಪುಟ ಮುಟ್ಟಲಿಲ್ಲ. ಒಬ್ಬ ಮನುಷ್ಯ ತನ್ನ ಏಳು ವರ್ಷದ ಮೇಲೆ ತಾನೇ ಗೆರೆ ಎಳೆಯುವುದನ್ನು ನೋಡುವುದು ವ್ಯಾಪಾರಸ್ಥನಿಗೆ ಬಹಳ ಕಷ್ಟ. ನಾನು ಕೈ ಹಿಡಿಯಲು ಹೋದೆ.

“ಹದಿನೆಂಟು ಬ್ಯಾಡ ಸರ, ಒಂಬತ್ತರ ಇಟಗೊಳ್ರಿ.”

“ಬೇಡ.”

“ಐದು?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ರಾಮದುರ್ಗದಲ್ಲಿ ಕರಪತ್ರವನ್ನೇ ಹಂಚಲಿಲ್ಲ. ಮಾರುಕಟ್ಟೆಯ ತಗಡಿನ ಶೆಡ್ಡಿನಲ್ಲಿ ಹಮಾಲರು ಊಟ ಮುಗಿಸಿ ಚೀಲಗಳಿಗೆ ಒರಗಿದ್ದರು. ಸರ್ ಅಲ್ಲೇ ನಿಂತು ಮಾತಾಡಿದರು. ಐದು ನಿಮಿಷದಲ್ಲಿ ಅರ್ಧ ಜನ ನಿದ್ದೆ ಹೋದರು; ಉಳಿದರ್ಧ ಮೊದಲೇ ಹೋಗಿದ್ದರು. ಎಚ್ಚರವಿದ್ದವನು ಒಬ್ಬನೇ: ಕಟಕೋಳದಿಂದ ಬಂದು ಚೀಲ ಹೊಲಿಯುತ್ತಿದ್ದ ವಯಸ್ಸಾದ ಹಮಾಲ. ದಬ್ಬಣ ಕೈಯಲ್ಲಿ ಹಿಡಿದೇ ಕೇಳುತ್ತಿದ್ದ. ಪಾಸಂಗದ ಮಾತು ಬಂದಾಗ ದಬ್ಬಣ ಎತ್ತಿ ತಡೆದ.

“ಅಲ್ರಿ ಯಪ್ಪಾ, ತಟ್ಟಿ ಅದಲಬದಲ ಮಾಡಿ ನೋಡೀರೇನು?”

ತಕ್ಕಡಿ ಸೊಟ್ಟವೋ ಅಲ್ಲವೋ ನೋಡುವ ಸುಲಭದ ಉಪಾಯ ಇದು. ಕಲ್ಲು ಇದ್ದ ಕಡೆ ಸಾಮಾನು, ಸಾಮಾನಿದ್ದ ಕಡೆ ಕಲ್ಲು ಹಾಕಿ ನೋಡಿದರೆ ದಂಡಿಗೆಯ ಬಂಡವಾಳ ಬಯಲಾಗುತ್ತದೆ.

 ಸರ್ ಅವರ ಮುಖ ಎಷ್ಟು ಅರಳಿತೆಂದರೆ ನನಗೆ ಗಾಬರಿಯಾಯಿತು. ಹೋಗಿ ಅವನೆದುರು ಚೀಲದ ಮೇಲೆ ಕೂತರು. “ಆಕಾಶವನ್ನು ಎತ್ತಿ ಈ ಕಡೆಯಿಂದ ಆ ಕಡೆ ಇಡಲು ಆಗುವುದಿಲ್ಲ, ಅಜ್ಜಾ. ಅದಕ್ಕೆ ಅದೇ ಸಾಮಾನನ್ನು ಎರಡು ಬೇರೆ ತಕ್ಕಡಿಯಲ್ಲಿ ತೂಗುತ್ತೇವೆ.”

“ಎರಡನೇ ತಕ್ಕಡಿ ಎಲ್ಲಿ ಸಿಗತೈತಿ?”

“ಬೆಳಕು. ಗೆಲಾಕ್ಸಿಗಳ ಗುಂಪು ಎಷ್ಟು ಭಾರ ಅಂತ ಅದರೊಳಗಿನವು ಓಡಾಡುವ ವೇಗ ನೋಡಿ ಒಂದು ಸಲ ತೂಗುತ್ತೇವೆ. ಅದರ ಹಿಂದಿನಿಂದ ಬರುವ ಬೆಳಕು ಅದನ್ನು ದಾಟುವಾಗ ಸ್ವಲ್ಪ ಬಾಗುತ್ತದೆ. ಭಾರ ಹೆಚ್ಚಿದ್ದರೆ ಹೆಚ್ಚು ಬಾಗುತ್ತದೆ. ಅದನ್ನು ನೋಡಿ ಇನ್ನೊಂದು ಸಲ ತೂಗುತ್ತೇವೆ. ಎರಡೂ ತೂಕ ತಾಳೆಯಾದರೆ ನಿಯಮಕ್ಕೆ ಬಲ ಬಂತು. ಆಗದಿದ್ದರೆ…”

“ದಂಡಿಗಿ ಸೊಟ್ಟ.”

“ಸೊಟ್ಟ ಇರಬಹುದು. ಅಥವಾ ನಾವು ತೂಗಿದ್ದರಲ್ಲೇ ತಪ್ಪಿರಬಹುದು.”

“ಈಗ ತಾಳೆ ಆಗೇತೇನು ಮತ್ತ?”

“ಇಲ್ಲಿಯವರೆಗೆ ಹೆಚ್ಚುಕಮ್ಮಿ ಆಗುತ್ತಿದೆ. ಇನ್ನೂ ದೂರದವನ್ನು ತೂಗುತ್ತಿದ್ದಾರೆ.”

ಮುದುಕ ಬಹಳ ಹೊತ್ತು ಯೋಚಿಸಿದ. ನಮ್ಮ ಬಸ್ಸು ಹೋಯಿತು. ಅದರ ಹಿಂದಿನದೂ ಹೋಯಿತು. ಸರ್ ನೆಲದ ಮೇಲೆ ಜೋಳದ ಕಾಳುಗಳನ್ನು ಇಟ್ಟು ಬೆಳಕು ಬಾಗುವುದನ್ನು ತೋರಿಸಿದರು, ಅವನು ಎರಡು ಕಾಳು ಸರಿಸಿ ಮತ್ತೊಂದು ಪ್ರಶ್ನೆ ಕೇಳಿದ. ಕೊನೆಗೆ ನಾನೇ ರಿಜಿಸ್ಟರು ತಂದು ಚಾಚಿದೆ. ಅವನು ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ, ಒಂದೊಂದನ್ನೂ ಚೀಲ ಹೊಲಿದಂತೆ ಎಳೆದು, ಬರೆದ: ‘ಅರ್ಧ ತಿಳಿತು.’

“ಪೂರ್ತಿ ಅಂತ ಬರಿಯೋ ಮಾರಾಯಾ, ನಿಂದೇನ ಗಂಟ ಹೋಗತೈತಿ?” ಎಂದೆ ನಾನು.

“ಅರ್ಧ ತಿಳದೈತಿ, ಅರ್ಧ ಬರದೇನಿ,” ಎಂದು ದಬ್ಬಣ ತೆಗೆದುಕೊಂಡ.

ಬಸ್ಸಿನಲ್ಲಿ ಸರ್ ಉದ್ದಕ್ಕೂ ಒಬ್ಬರೇ ನಗುತ್ತಿದ್ದರು. ನಾನು ಲೆಕ್ಕ ಹಾಕುತ್ತಿದ್ದೆ: ಹನ್ನೊಂದೂವರೆ.

ಚೇರಮನ್ನರು ಗಿರಣಿಯ ಗಾದಿಯ ಮೇಲೆ ಕೂತು ರಿಜಿಸ್ಟರು ತಿರುವಿದರು. ಸವದತ್ತಿಯ ಪುಟದಲ್ಲಿ ಬೆರಳು ನಿಂತಿತು.

“ಇವನ್ಯಾಕ ಹೊಡದೀರಿ ಮಾಸ್ತರ?”

“ಅವರಿಗೆ ತಿಳಿಯಲಿಲ್ಲ ಸರ್. ಹೆದರಿ ಸಹಿ ಮಾಡಿದರು.”

“ಹೆದರಿ ಮಾಡಿದ ಸಹಿ ನಡಿಯೂದಿಲ್ಲಂದ್ರ ನಮ್ಮ ಕಾಲೇಜಿನಾಗ ಒಂದೂ ಕಾಗದ ಉಳಿಯೂದಿಲ್ಲ.” ಪುಟ ತಿರುವಿದರು. “ಈ ಅರ್ಧ ಯಾರದು?”

ಸರ್ ಹೇಳಹೊರಟರು. ನಾನು ಅವರ ಕಾಲು ತುಳಿದು ಮುಂದೆ ಸರಿದೆ. ಇದು ತಿಳಿವಳಿಕೆಯ ಮಾತಲ್ಲ, ಚೌಕಾಸಿಯ ಮಾತು. ಹೆಗಲ ಮೇಲಿನ ಟಾವೆಲ್ಲನ್ನು ತೆಗೆದು ಚೇರಮನ್ನರ ಕೈ ಮೇಲೆ ಹಾಕಿ, ಅಡಿಯಲ್ಲಿ ಅವರ ಬೆರಳು ಹಿಡಿದೆ. ದನದ ಸಂತೆಯಲ್ಲಿ ದರ ಕುದುರಿಸುವುದು ಹೀಗೆ. ಬಾಯಿ ಒಂದು ಮಾತಾಡುತ್ತದೆ, ಬೆರಳು ಇನ್ನೊಂದು. ನೋಡುವವರಿಗೆ ಟಾವೆಲ್ಲು ಮಾತ್ರ ಕಾಣುತ್ತದೆ.

“ಅರ್ಧ ಅನಬ್ಯಾಡ್ರಿ ಸಾವಕಾರ್ರ. ಎರಡ ಬಸ್ಸು ಬಿಟ್ಟು ಕುಂತು ಬರಸಿದ ಅರ್ಧ ಐತಿ ಅದು,” ಎನ್ನುತ್ತ ನಾನು ಆ ಅರ್ಧಕ್ಕೆ ಇಪ್ಪತ್ತೈದು ಸಹಿಯ ಬೆಲೆ ಒತ್ತಿದೆ.

“ಅರ್ಧ ಅಂದ್ರ ಅರ್ಧ,” ಎಂದು ಅವರು ಎರಡು ಒತ್ತಿದರು.

“ಹದಿನೆಂಟು ತಾನ ಹೊಡದ ಹಾಕಿದವ ಇವತ್ತಿನ ಕಾಲದಾಗ ಸಿಗತಾನೇನ್ರಿ? ನಾಳೆ ಪರೀಕ್ಷಾದ ಮಾರ್ಕಿನಾಗ ಇಂಥಾವ ಬೇಕಲ್ಲ ನಿಮಗ?” ಇಪ್ಪತ್ತೆರಡಕ್ಕೆ ಇಳಿದು ಒತ್ತಿದೆ.

ಸರ್ ಆ ಟಾವೆಲ್ಲನ್ನೇ ನೋಡುತ್ತಿದ್ದರು. ತಮ್ಮ ನೌಕರಿ ಅದರ ಅಡಿಯಲ್ಲಿ ಮೇಲೆ ಕೆಳಗೆ ಆಗುತ್ತಿದೆ ಎಂಬುದು ಅವರಿಗೆ ತಿಳಿದಿತ್ತು. ಎಷ್ಟಕ್ಕೆ ನಿಂತಿದೆ ಎಂಬುದು ಮಾತ್ರ ಇಲ್ಲ. ಕೊನೆಗೆ ಕಟಕೋಳದ ಅರ್ಧಕ್ಕೆ ಹತ್ತೊಂಬತ್ತು ಎಂದು ತೀರ್ಮಾನವಾಯಿತು. ಹನ್ನೊಂದು ಕೂಡಿಸಿದರೆ ಮೂವತ್ತು. ಚೇರಮನ್ನರು ಟಾವೆಲ್ಲು ಕೊಡವಿ ಕೊಟ್ಟು, “ಹೋಗ್ರಿ, ಆರ್ಡರ್ ಕಳಸತೇನಿ,” ಎಂದರು.

ನಾಲ್ಕನೆಯ ದಿನ ಲಕೋಟೆ ಬಂತು. ಕಾಯಂ. ಹೆಸರು ಸರಿ, ತಾರೀಖು ಸರಿ. ಆದರೆ ಚೇರಮನ್ನರು ಬಾಯಲ್ಲಿ ಹೇಗೆ ಹೇಳಿದರೋ, ಗುಮಾಸ್ತ ಹೇಗೆ ಕೇಳಿಸಿಕೊಂಡನೋ, ಟೈಪಾಗಿದ್ದದ್ದು ಹೀಗೆ: ‘ತೂಕಶಾಸ್ತ್ರ ವಿಭಾಗದ ಉಪನ್ಯಾಸಕರು.’

“ಸಾಹುಕಾರರೇ, ಹೀಗೊಂದು ವಿಭಾಗವೇ ಇಲ್ಲ.”

“ಇಲ್ಲಂದ್ರ ಇನ್ನೂ ಛಲೋ ಸರ. ನೀವೊಬ್ರ ಇರತೀರಿ. ಮುಖ್ಯಸ್ಥರೂ ನೀವ. ನಿಮ್ಮನ್ನ ತೆಗದು ಆ ಜಾಗಾಕ್ಕ ಬ್ಯಾರೆ ಯಾರನ್ನ ತರತಾರ? ಸುಮ್ನ ಕಿಸೇದಾಗ ಇಟಗೊಳ್ರಿ.”

ಅವರು ಕಿಸೆಯಲ್ಲಿ ಇಟ್ಟುಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿ ಗಿರಣಿಯ ಕಡೆ ನಡೆದರು. ನಾನು ಅಂಗಡಿಯಲ್ಲಿ ಕೂತು ಒಂದು ದಂಡಿಗೆಯನ್ನು ಬೇಕಿಲ್ಲದೆ ಉಜ್ಜುತ್ತಿದ್ದೆ. ಕೊಟ್ಟ ಆರ್ಡರನ್ನು ಹಿಂದಕ್ಕೆ ಒಯ್ದು ತೋರಿಸುವವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದು ಒಮ್ಮೆ ಅವರ ಮೇಜಿಗೆ ಹೋದರೆ ಮರಳಿ ಬರುತ್ತದೆಂಬ ಭರವಸೆ ಏನು?

ಎರಡು ತಾಸಿನ ಮೇಲೆ ಬಂದರು. ಕಾಗದ ಕೈಯಲ್ಲೇ ಇತ್ತು. ‘ತೂಕಶಾಸ್ತ್ರ’ವನ್ನು ಹೊಡೆದು, ಮೇಲೆ ಚೇರಮನ್ನರ ದಪ್ಪ ಅಕ್ಷರದಲ್ಲಿ ‘ಭೌತಶಾಸ್ತ್ರ’ ಎಂದಿತ್ತು. ಪಕ್ಕದಲ್ಲಿ ಸಹಿ, ಅದರ ಮೇಲೆ ಗುಂಡು ಮುದ್ರೆ. ಸರ್ ಕಣ್ಣೊರೆಸಿಕೊಂಡರು. ನಾನೂ ಸ್ವಲ್ಪ ಆ ಕಡೆ ತಿರುಗಿದೆ. ಆಮೇಲೆ ಕಾಗದ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದೆ.

“ಸರ, ಪೆನ್ನಿಲೆ ತಿದ್ದಿದ ಆರ್ಡರು ಟ್ರೆಝರಿಯಾಗ ನಡಿಯೂದಿಲ್ಲ. ಈಗಿಂದೀಗ ಹೋಗಿ ಹೊಸದಾಗಿ ಟೈಪ್ ಮಾಡಿಸಿಕೊಂಡ ಬರ್ರಿ.”

ಆ ಮನುಷ್ಯ ನನ್ನ ಸಲಹೆಯನ್ನು ಮರುಮಾತಿಲ್ಲದೆ ಒಪ್ಪಿದ್ದು ಅದೇ ಮೊದಲ ಸಲ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು, ಮತ್ತೆ ನಡೆದರು.